ಹಿಮ ಬೀಳುವ ಊರಿನಲ್ಲಿ ಹೂವು, ತರಕಾರಿ: ಯಾವಾಗ ಏನು ಮಾಡಬೇಕು?

ವಿದ್ಯಾನಗರ ತಾರಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ವಿದ್ಯಾನಗರದವಳು, ಪ್ರೌಢಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಮಾರ್ಚ್ ಕೊನೆಯ ವಾರ ಅಮೆರಿಕದ ಮಿನಿಯಾಪೊಲಿಸ್ ಹತ್ತಿರವಿರುವ ಮಗಳ ಮನೆಗೆ ಹೊರಟಿದ್ದೇನೆ. ಸೆಪ್ಟೆಂಬರ್ ಕೊನೆಯವರೆಗೆ ಅಲ್ಲಿಯೇ ಇರುತ್ತೇನೆ. ಹೋದ ವರ್ಷ ಅವರು ಸ್ವಂತ ಮನೆ ಕೊಂಡರು. ಹಿಂದೆ ವಿಶಾಲವಾದ ಹಿತ್ತಲಿದೆ, ಆದರೆ ಬರೀ ಹುಲ್ಲು. "ಅಮ್ಮಾ, ನೀನು ಬಂದು ಏನಾದರೂ ಹಾಕು" ಎಂದು ಮಗಳು ಹೇಳಿದಾಗಿನಿಂದ ನನಗೆ ಅದೇ ಧ್ಯಾನ.

ಇಲ್ಲಿನ ಲೆಕ್ಕ ನನಗೆ ಗೊತ್ತು. ಗಣೇಶನನ್ನು ಬಿಟ್ಟು ಬಂದ ಮೇಲೆ ಕೋಸು, ಹೂಕೋಸಿನ ಸಸಿ ಮಾಡಿಕೊಳ್ಳುತ್ತೇನೆ. ದಸರೆಯ ಹೊತ್ತಿಗೆ ಮೆಂತ್ಯ, ಪಾಲಕ್, ಕೊತ್ತಂಬರಿ ಚೆಲ್ಲುತ್ತೇನೆ. ಸಂಕ್ರಾಂತಿಗೆ ಸೇವಂತಿಗೆ, ಆಸ್ಟರ್ ಕುಂಡ ತುಂಬಿರುತ್ತವೆ. ಮಾರ್ಚ್ ಬಂದರೆ ನೆರಳು ಪರದೆ ಕಟ್ಟಿ, ಎರಡು ಹೊತ್ತು ನೀರು ಹಾಕಿ, ಗಿಡಗಳ ಜೀವ ಉಳಿಸುವುದೇ ಕೆಲಸ. ನಮ್ಮ ಗಿಡಗಳಿಗೆ ಚಳಿಗಾಲವೇ ಸುಗ್ಗಿ. ಆದರೆ ಮಗಳು ಕಳುಹಿಸಿದ ಫೋಟೊದಲ್ಲಿ ಬೇಲಿಯ ಅರ್ಧದವರೆಗೆ ಹಿಮ ನಿಂತಿದೆ. ಅಂಥ ನೆಲದಲ್ಲಿ ಯಾವ ತಿಂಗಳು ಏನು ಮಾಡಬೇಕೆಂದು ನನಗೆ ಅಂದಾಜೇ ಸಿಗುತ್ತಿಲ್ಲ.

ಎಣ್ಣೆಗಾಯಿ ಬದನೆ, ಹೀರೆ, ಹಸಿಮೆಣಸು, ಅವರೆ, ಈರುಳ್ಳಿ, ಸೊಪ್ಪುಗಳನ್ನು ಬೆಳೆಯುವ ಆಸೆ ಇದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯ ಹೂವೇ ಆಗಬೇಕೆಂಬುದು ಇನ್ನೊಂದು ಆಸೆ. ಬೀಜವನ್ನು ಇಲ್ಲಿಂದ ಒಯ್ಯಬಹುದೇ? ಯಾವಾಗ ಬಿತ್ತಬೇಕು? ನಾನು ಹಿಂತಿರುಗಿದ ಮೇಲೆ ಚಳಿಗೆ ಮುಂಚೆ ಮಗಳು ಏನೇನು ಮಾಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ನಿಟ್ಟುವಳ್ಳಿ ಮಲ್ಲಿಗೆ

ಮೇಡಂ, ಬೀಜದ ವಿಷಯ ಮೊದಲು ಹೇಳುತ್ತೇನೆ, ಏಕೆಂದರೆ ಎಷ್ಟೋ ಜನ ಸೂಟ್‌ಕೇಸಿನ ಮೂಲೆಯಲ್ಲಿ ಪೊಟ್ಟಣ ಕಟ್ಟಿ ಇಟ್ಟುಕೊಂಡು ಹೋಗುತ್ತಾರೆ. ಬಿತ್ತನೆಯ ಬೀಜವನ್ನು ಅಮೆರಿಕಕ್ಕೆ ಒಯ್ಯಲು ಇಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಇಳಿದ ಕೂಡಲೇ ತುಂಬಿಸುವ ಘೋಷಣೆಯಲ್ಲಿ ಅದನ್ನು ತಿಳಿಸಲೇಬೇಕು. ತಿಳಿಸದೆ ಸಿಕ್ಕಿಬಿದ್ದರೆ ದಂಡ ಬೀಳುತ್ತದೆ. ಕರಿಬೇವಿನ ಗಿಡವನ್ನಾಗಲಿ ಹಸಿ ಎಲೆಯನ್ನಾಗಲಿ ಒಯ್ಯುವ ಯೋಚನೆಯನ್ನೇ ಮಾಡಬೇಡಿ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಅಂಟಿಸುವ ಸಣ್ಣ ಜಿಗಿಹುಳು ಕರಿಬೇವಿನ ಮೇಲೆಯೂ ಬದುಕುತ್ತದೆ, ಅದಕ್ಕೇ ಅಷ್ಟು ಬಿಗಿ. ಹೀರೆ, ಹಾಗಲ, ಪುಂಡಿ, ಮೆಂತ್ಯ, ಉದ್ದ ಬದನೆ, ಗುಂಡು ಬದನೆ ಎಲ್ಲದರ ಬೀಜವೂ ಅಲ್ಲಿಯ ಬೀಜದ ಕಂಪನಿಗಳಲ್ಲಿ ಸಿಗುತ್ತವೆ. ಮಗಳಿಗೆ ಈಗಲೇ ತರಿಸಿ ಇಡಲು ಹೇಳಿ.

ಚಳ್ಳಕೆರೆ ಹೊಲ

ಟೀಚರ್ ಅವರೇ, ನಾನು ಚಳ್ಳಕೆರೆ ಕಡೆಯವನು. ಊರಿನಲ್ಲಿ ಅಣ್ಣ ಈಗಲೂ ಈರುಳ್ಳಿ, ಶೇಂಗಾ ಬೆಳೆಯುತ್ತಾನೆ. ನಾನು ಮಿನಿಯಾಪೊಲಿಸ್‌ನ ಹೊರವಲಯದಲ್ಲಿ ಬಹಳ ಕಾಲದಿಂದ ಇದ್ದೇನೆ. ನಿಮ್ಮ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸುತ್ತೇನೆ.

ಇಲ್ಲಿಯ ತೋಟದ ಪುಸ್ತಕಗಳು ಎಲ್ಲವನ್ನೂ ಕೊನೆಯ ಫ್ರಾಸ್ಟ್‌ನಿಂದ ಎಣಿಸುತ್ತವೆ. ವಸಂತದಲ್ಲಿ ರಾತ್ರಿಯ ತಾಪಮಾನ ಸೊನ್ನೆಗೆ ಇಳಿದು ಎಲೆಯ ಮೇಲಿನ ಇಬ್ಬನಿ ಹೆಪ್ಪುಗಟ್ಟುವ ಕೊನೆಯ ದಿನ ಅದು. ಸಾಮಾನ್ಯವಾಗಿ ಮೇ ಮೊದಲ ಭಾಗದಲ್ಲಿ ಮುಗಿಯುತ್ತದೆ, ಕೆಲವು ವರ್ಷ ಇನ್ನೂ ತಡವಾಗುತ್ತದೆ. ಅಕ್ಟೋಬರ್ ಆರಂಭದಲ್ಲಿ ಮತ್ತೆ ಶುರು. ಈ ಎರಡರ ನಡುವೆ ಸಿಗುವ ಐದು ತಿಂಗಳೊಳಗೆ ನಿಮ್ಮ ಬದನೆ, ಹೀರೆ ಎಲ್ಲವೂ ಹುಟ್ಟಿ, ಕಾಯಿ ಬಿಟ್ಟು ಮುಗಿಯಬೇಕು.

ನಾನು ಇದನ್ನು ನಮ್ಮ ಮಳೆ ನಕ್ಷತ್ರಗಳಿಗೆ ಹೊಂದಿಸಿಕೊಂಡಿದ್ದೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕ. ಹಬ್ಬಗಳ ಹಾಗೆ ಹಿಂದೆ ಮುಂದೆ ಸರಿಯುವುದಿಲ್ಲ. ರೋಹಿಣಿ ಪ್ರತಿವರ್ಷ ಮೇ 25ರ ಆಸುಪಾಸಿಗೇ ಹುಟ್ಟುತ್ತದೆ. ಇಲ್ಲಿಯ ಹಳಬರು ಟೊಮೆಟೊ ಸಸಿಯನ್ನು ನೆಲಕ್ಕೆ ಇಳಿಸುವುದು ಮೆಮೋರಿಯಲ್ ಡೇ ರಜೆಯ ಹೊತ್ತಿಗೆ. ಅದು ಮೇ ತಿಂಗಳ ಕೊನೆಯ ಸೋಮವಾರ, ಅಂದರೆ 25ರಿಂದ 31ರೊಳಗೆ. ಊರಿನಲ್ಲಿ "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಕೆಸರು" ಎನ್ನುತ್ತಿದ್ದ ವಾರವೇ ಇಲ್ಲಿ ನಾಟಿಯ ವಾರ. ರೋಹಿಣಿಯನ್ನು ನಡುವೆ ಇಟ್ಟುಕೊಂಡು ಹಿಂದಕ್ಕೂ ಮುಂದಕ್ಕೂ ಎಣಿಸಿದರೆ ಇಡೀ ವರ್ಷದ ಕೆಲಸ ಮನಸ್ಸಿನಲ್ಲಿ ಕೂರುತ್ತದೆ.

ನೀವು ಬಂದಿಳಿಯುವಾಗ ಹಿತ್ತಲಿನ ಮಣ್ಣು ಇನ್ನೂ ಗಟ್ಟಿಯಾಗಿರಬಹುದು. ಆದ್ದರಿಂದ ಮೊದಲ ಹೊಲ ಮನೆಯೊಳಗೇ. ಬಂದ ವಾರವೇ ಮೆಣಸು, ಬದನೆ ಬೀಜ ಹಾಕಿ, ರೇವತಿ ಮುಗಿಯುವುದರೊಳಗೆ, ಅಂದರೆ ಏಪ್ರಿಲ್ 13ರೊಳಗೆ, ಟೊಮೆಟೊ ಹಾಕಿ. ಹೊರಗಿನ ಮಣ್ಣು ಬೇಡ, ಬೀಜ ಮೊಳೆಸುವ ಹಗುರವಾದ ಮಿಶ್ರಣವೇ ಇರಲಿ. ಮೆಣಸು, ಬದನೆ ಮೊಳೆಯಲು ಮಣ್ಣು 25ರಿಂದ 27 ಡಿಗ್ರಿ ಬೆಚ್ಚಗಿರಬೇಕು. ಟ್ರೇ ಅಡಿಗೆ ಇಡುವ ಬಿಸಿ ಹಾಳೆ ಸಿಗುತ್ತದೆ. ಕಿಟಕಿಯ ಬೆಳಕನ್ನು ನಂಬಬೇಡಿ, ಸಸಿಗಳು ಬಿಳಿಚಿಕೊಂಡು ಉದ್ದಕ್ಕೆ ಎಳೆಯುತ್ತವೆ. ಎಲ್‌ಇಡಿ ದೀಪವನ್ನು ಸಸಿಯ ನೆತ್ತಿಗೆ ಹತ್ತಿರವಾಗಿ ತೂಗುಹಾಕಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ನಲ್ಲಿಯ ನೀರು ಆ ಕಾಲದಲ್ಲಿ ಕೈ ಕೊರೆಯುವಷ್ಟು ತಣ್ಣಗಿರುತ್ತದೆ. ರಾತ್ರಿ ಬಕೆಟ್‌ನಲ್ಲಿ ಹಿಡಿದಿಟ್ಟು ಬೆಳಿಗ್ಗೆ ಹಾಕಿ.

ಅಶ್ವಿನಿಯಲ್ಲಿ, ಏಪ್ರಿಲ್ 14ರ ನಂತರ, ಚೆಂಡು ಹೂವು ಮತ್ತು ಆಸ್ಟರ್ ಬೀಜವನ್ನು ಒಳಗೇ ಹಾಕಿ. ನಿಮ್ಮ ವರಮಹಾಲಕ್ಷ್ಮಿ ಹಬ್ಬದ ಹೂವು ಅಂದೇ ನಿರ್ಧಾರವಾಗುತ್ತದೆ. ಚೆಂಡು ಹೂವು ಜುಲೈಗೆ ಹಿಡಿದರೆ ಫ್ರಾಸ್ಟ್ ಬರುವವರೆಗೂ ಬಿಡುವುದಿಲ್ಲ. ಆಸ್ಟರ್ ಆಗಸ್ಟ್‌ಗೆ ಬರುತ್ತದೆ. ಜಿನ್ನಿಯಾ ಬೀಜವನ್ನು ರೋಹಿಣಿಯಲ್ಲಿ ನೇರವಾಗಿ ನೆಲಕ್ಕೇ ಚೆಲ್ಲಬಹುದು.

ಅದೇ ಹೊತ್ತಿಗೆ ಹೊರಗಿನ ನೆಲ ಬಿಡುತ್ತದೆ. ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿ. ಮುದ್ದೆಯಾಗಿ ಅಂಟಿಕೊಂಡರೆ ಕಾಯಿರಿ, ಪುಡಿಯಾಗಿ ಉದುರಿದರೆ ಬಟಾಣಿ, ಮೂಲಂಗಿ, ಪಾಲಕ್, ಮೆಂತ್ಯ ಬಿತ್ತಿ. ಇವು ಸಣ್ಣ ಫ್ರಾಸ್ಟ್‌ಗೆ ಹೆದರುವುದಿಲ್ಲ. ಹುಲ್ಲನ್ನು ಕೀಳುವ ಶ್ರಮ ಬೇಡ. ಮೇಲೆ ದಪ್ಪ ರಟ್ಟು ಹಾಸಿ, ಅದರ ಮೇಲೆ ಅರ್ಧ ಅಡಿ ಕಾಂಪೋಸ್ಟ್ ಮಣ್ಣು ಸುರಿದು ಮಡಿ ಮಾಡಿ. ಆಳಕ್ಕೆ ಅಗೆಯುವುದಾದರೆ ಅದಕ್ಕೂ ಕೆಲವು ದಿನ ಮೊದಲು ಅಳಿಯ 811ಕ್ಕೆ ಕರೆ ಮಾಡಲಿ. ನೆಲದಡಿಯ ಗ್ಯಾಸ್, ವಿದ್ಯುತ್ ಮಾರ್ಗಗಳನ್ನು ಅವರು ಬಂದು ಗುರುತು ಹಾಕಿ ಹೋಗುತ್ತಾರೆ, ಹಣ ಕೇಳುವುದಿಲ್ಲ. ಮಡಿಯ ಸುತ್ತ ಎರಡಡಿ ಎತ್ತರಕ್ಕೆ ಸಣ್ಣ ಕಣ್ಣಿನ ತಂತಿ ಬಲೆ ಖಂಡಿತ ಬೇಕು. ಮೊಲಗಳು ಹುರುಳಿಕಾಯಿಯ ಎಳೆ ಸಸಿಯನ್ನು ಒಂದೇ ರಾತ್ರಿಯಲ್ಲಿ ಬುಡಕ್ಕೆ ಸಮ ಮಾಡುತ್ತವೆ.

ಕೃತ್ತಿಕೆ, ಮೇ 11ರಿಂದ 24, ಇಡೀ ವರ್ಷದಲ್ಲಿ ಅತಿ ಸೂಕ್ಷ್ಮವಾದ ಕಾಲ. ದೀಪದಡಿ ಬೆಳೆದ ಸಸಿಗೆ ಬಿಸಿಲೂ ಗೊತ್ತಿಲ್ಲ, ಗಾಳಿಯೂ ಗೊತ್ತಿಲ್ಲ. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ ಇಟ್ಟು ಒಳಗೆ ತನ್ನಿ. ದಿನದಿನಕ್ಕೆ ಹೊತ್ತನ್ನೂ ಬಿಸಿಲನ್ನೂ ಹೆಚ್ಚಿಸುತ್ತಾ ವಾರ, ಹತ್ತು ದಿನ ರೂಢಿ ಮಾಡಿಸಿ. ಕಾಂಡ ಗಟ್ಟಿಯಾಗಿ, ಎಲೆ ದಪ್ಪಗಾಗಿ ಬಣ್ಣ ಗಾಢವಾಗುವುದು ಕಣ್ಣಿಗೇ ಕಾಣುತ್ತದೆ. ಅವಸರ ಮಾಡಿ ನೇರ ಬಿಸಿಲಿಗೆ ಇಟ್ಟರೆ ಎಲೆಯ ಮೇಲೆ ಸುಣ್ಣ ಬಳಿದಂತಹ ಬಿಳಿ ಕಲೆ ಬೀಳುತ್ತದೆ. ಹೀರೆ, ಹಾಗಲವನ್ನು ಮೇ ಆರಂಭದಲ್ಲಿ ಸಣ್ಣ ಕಾಗದದ ಕುಂಡದಲ್ಲಿ ಹಾಕಿಟ್ಟುಕೊಳ್ಳಿ. ಅವುಗಳ ಬೇರು ಮುಟ್ಟಿದರೆ ಸಹಿಸುವುದಿಲ್ಲ, ಕುಂಡದ ಸಮೇತ ನೆಡಬೇಕು.

ಬರುವಾಗ ನಾಲ್ಕೈದು ಹಳೆಯ ನೂಲಿನ ಸೀರೆ ತನ್ನಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ನಾಟಿಯಾದ ಮೇಲೂ ಒಂದೆರಡು ರಾತ್ರಿ ತಾಪಮಾನ 3, 4 ಡಿಗ್ರಿಗೆ ಇಳಿಯುವುದುಂಟು. ಆಕಾಶ ಶುಭ್ರವಾಗಿದ್ದು ಗಾಳಿ ನಿಂತ ಸಂಜೆ ಎಚ್ಚರವಾಗಿರಿ. ಮುಳುಗುವ ಹೊತ್ತಿಗೆ ಗೂಟ ನೆಟ್ಟು, ಎಲೆಗೆ ತಾಗದಂತೆ ಸೀರೆ ಹೊದಿಸಿ, ಅಂಚನ್ನು ನೆಲದವರೆಗೆ ಎಳೆದು ಕಲ್ಲು ಹೇರಿ. ಹಗಲಲ್ಲಿ ಮಣ್ಣು ಕುಡಿದ ಬಿಸಿ ಮೇಲಕ್ಕೆ ಹಾರಿಹೋಗದೆ ಒಳಗೇ ಉಳಿಯುತ್ತದೆ. ಬೆಳಿಗ್ಗೆ ಸೀರೆಯ ಮೇಲೆ ಸಕ್ಕರೆ ಹರಳಿನಷ್ಟು ಸಣ್ಣ ಮಂಜುಗಡ್ಡೆ ಕೂತಿರುತ್ತದೆ, ಕೆಳಗೆ ಬದನೆ ಸಸಿ ಹಸಿರಾಗಿಯೇ ಇರುತ್ತದೆ. ಬಿಸಿಲು ಏರುವ ಮೊದಲು ತೆಗೆಯಿರಿ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದ ಕಡೆಯೆಲ್ಲ ಸುಡುತ್ತದೆ, ಅದು ಬೇಡ.

ನಾಟಿಯ ನಂತರದ ಎರಡು ತಿಂಗಳು ನಿಮಗೆ ಹೊಸದಾಗಿ ಹೇಳಬೇಕಾದ್ದು ಕಡಿಮೆ. ನೀರು, ಕಳೆ, ಬಳ್ಳಿಗೆ ಚಪ್ಪರ. ಜುಲೈನಲ್ಲಿ ತಾಮ್ರದ ಬಣ್ಣದ ರೆಕ್ಕೆಯ ಜಪಾನಿ ದುಂಬಿ ಗುಲಾಬಿಗೆ, ಹುರುಳಿಕಾಯಿಗೆ ಮುತ್ತುತ್ತದೆ. ಬೆಳಿಗ್ಗೆ ತಂಪಿನಲ್ಲಿ ಅದು ಮಂಕಾಗಿರುವಾಗ ಸೋಪಿನ ನೀರಿಗೆ ಉದುರಿಸಿ. ಆಗಸ್ಟ್ ಮೊದಲಾರ್ಧದಲ್ಲಿ, ಆಶ್ಲೇಷದಲ್ಲಿ, ಮೆಂತ್ಯ, ಪಾಲಕ್ ಇನ್ನೊಮ್ಮೆ ಚೆಲ್ಲಿ. ಹಿಂತಿರುಗುವ ಮೊದಲು ಅದರ ಸೊಪ್ಪನ್ನೂ ಉಣ್ಣುತ್ತೀರಿ.

ಜಗಳೂರು ಈರುಳ್ಳಿ

ಚಳ್ಳಕೆರೆ ಅಣ್ಣಾ, ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಮಾತು ಒಪ್ಪಲಾರೆ. ಮಳೆ ನಕ್ಷತ್ರ ನಮ್ಮ ನೆಲದ ಮಳೆ ನೋಡಿ ಹಿರಿಯರು ಕಟ್ಟಿದ್ದು. ಇಲ್ಲಿಯೇ ಈಗ ಮೃಗಶಿರಾ ಒಣಗಿ ಹೋಗಿ ಆರಿದ್ರಾದಲ್ಲಿ ಬಿತ್ತುವ ವರ್ಷಗಳಿವೆ. ಅದನ್ನು ಅಮೆರಿಕದ ಚಳಿಗೆ ಕಟ್ಟಿದರೆ ಟೀಚರ್ ಅವರು ನಂಬಿ ಸಸಿ ಕಳೆದುಕೊಂಡಾರು. ಇನ್ನೊಂದು, ಈರುಳ್ಳಿಯ ಬಗ್ಗೆ ನೀವು ಏನೂ ಹೇಳಲಿಲ್ಲ. ಬಳ್ಳಾರಿ ಕೆಂಪು ತಳಿ ಎಂಥ ನೆಲಕ್ಕೂ ಹೊಂದಿಕೊಳ್ಳುತ್ತದೆ. ಪ್ರಮಾಣಪತ್ರ ಮಾಡಿಸಿ ಒಯ್ದರೆ ಏನು ತೊಂದರೆ?

ವಿದ್ಯಾನಗರ ತಾರಸಿ, ದಾವಣಗೆರೆ

ಚಳ್ಳಕೆರೆಯವರಿಗೆ ಅನಂತ ವಂದನೆಗಳು. ಕೃತ್ತಿಕೆ, ರೋಹಿಣಿ ಎಂದ ಕೂಡಲೇ ನನಗೆ ಕ್ಯಾಲೆಂಡರ್ ಕಣ್ಣ ಮುಂದೆ ಬಂತು. ನಮ್ಮ ತಂದೆ ಬಿತ್ತನೆಯ ಮಾತನ್ನು ಹೀಗೆಯೇ ಆಡುತ್ತಿದ್ದರು. ಸೀರೆಗಳನ್ನು ತೆಗೆದಿಟ್ಟಿದ್ದೇನೆ. ಈರುಳ್ಳಿ ಮತ್ತು ಅವರೆಯ ಬಗ್ಗೆ ನನಗೂ ತಿಳಿಯಬೇಕು. ಸೇವಂತಿಗೆ ಅಲ್ಲಿ ಬರುತ್ತದೆಯೇ? ಮಗಳ ಮನೆಯ ಮುಂದೆ ಹಿಂದಿನವರು ನೆಟ್ಟ ಗುಲಾಬಿ ಗಿಡಗಳೂ ಇವೆ. ಹಿಮದಲ್ಲಿ ಅವು ಬದುಕುವುದು ಹೇಗೆ?

ಚಳ್ಳಕೆರೆ ಹೊಲ

ಜಗಳೂರಿನ ತಮ್ಮಾ, ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ನಕ್ಷತ್ರ ಇಲ್ಲಿಯ ಚಳಿಯನ್ನು ಮುಂಚೆ ಹೇಳುವುದಿಲ್ಲ. ಸಿದ್ಧತೆ ಶುರು ಮಾಡುವ ವಾರವನ್ನು ಮರೆಯದಂತೆ ಇಡುತ್ತದೆ, ಅಷ್ಟೇ. ಇಂದು ರಾತ್ರಿ ಸೀರೆ ಹೊದಿಸಬೇಕೇ ಎಂಬುದಕ್ಕೆ ಮೊಬೈಲ್‌ನ ಹವಾಮಾನ ಮುನ್ಸೂಚನೆಯೇ ಪ್ರಮಾಣ. ಹುರುಳಿಕಾಯಿ ಹಾಕಬಹುದೇ ಎಂಬುದಕ್ಕೆ ಮಣ್ಣಿಗೆ ಚುಚ್ಚುವ ಉಷ್ಣಮಾಪಕ 16 ಡಿಗ್ರಿ ತೋರಿಸಬೇಕು. ಬೆಂಡೆಗೆ ಇನ್ನೂ ಹೆಚ್ಚು, 20 ಡಿಗ್ರಿಯಾದರೂ ಬೇಕು. ರೋಹಿಣಿ ಹುಟ್ಟಿದರೂ ಮಣ್ಣು ತಣ್ಣಗಿದ್ದರೆ ಕಾಯಬೇಕು.

ಆದರೆ ಬಳ್ಳಾರಿ ಕೆಂಪಿನ ವಿಷಯದಲ್ಲಿ ನಾನು ನಿಮ್ಮ ಜೊತೆ ಇಲ್ಲ. ಇಲ್ಲಿಗೆ ಬಂದವರು ಚಳಿಯನ್ನೇ ನೋಡುತ್ತಾರೆ, ಹಗಲನ್ನು ನೋಡುವುದಿಲ್ಲ. ದಾವಣಗೆರೆ ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿದೆ, ಜೂನ್‌ನ ಅತಿ ಉದ್ದದ ಹಗಲು ಸುಮಾರು 13 ಗಂಟೆ. ಮಿನಿಯಾಪೊಲಿಸ್ 45 ಡಿಗ್ರಿಯಲ್ಲಿದೆ, ಅಲ್ಲಿ ಅದೇ ದಿನ ಹದಿನೈದೂವರೆ ಗಂಟೆ ಬೆಳಕು. ಈರುಳ್ಳಿ ಗಡ್ಡೆ ಕಟ್ಟುವುದು ಹಗಲಿನ ಉದ್ದ ನೋಡಿ. ನಮ್ಮ ತಳಿಗಳಿಗೆ 11, 12 ಗಂಟೆಯ ಹಗಲು ಸಾಕು. ಇಲ್ಲಿ ಏಪ್ರಿಲ್ ಕೊನೆಗೇ ಹಗಲು 14 ಗಂಟೆ ಮುಟ್ಟುತ್ತದೆ. ಸಸಿಗೆ ನಾಲ್ಕೆಲೆ ಬರುವುದರೊಳಗೆ ಅದು ಗಡ್ಡೆಗೆ ತಿರುಗಿ ಗೋಲಿ ಗಾತ್ರಕ್ಕೇ ನಿಲ್ಲುತ್ತದೆ. ಇಲ್ಲಿ 14ರಿಂದ 16 ಗಂಟೆ ಹಗಲು ಬೇಡುವ ತಳಿಗಳೇ ಬೇಕು. ಪ್ಯಾಟರ್ಸನ್ ಎಂಬುದು ಬಹಳ ದಿನ ಕೆಡದೆ ಇರುತ್ತದೆ. ವಾಲಾ ವಾಲಾ ಸಿಹಿ, ಬೇಗ ತಿಂದು ಮುಗಿಸಬೇಕು. ಬೀಜ ಹಾಕುವ ಕಾಲ ಫೆಬ್ರವರಿಯಾದ್ದರಿಂದ ಟೀಚರ್ ಅವರು ಏಪ್ರಿಲ್‌ನಲ್ಲಿ ನರ್ಸರಿಯ ಸಸಿಯನ್ನೇ ಕೊಳ್ಳಲಿ. ಆಗಸ್ಟ್‌ನಲ್ಲಿ ಸೊಪ್ಪು ತಾನಾಗಿ ಮಲಗಿದಾಗ ಕೀಳಬಹುದು.

ಅವರೆಗೂ ಇದೇ ನ್ಯಾಯ. ನಮ್ಮ ನಾಟಿ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಕಟ್ಟುತ್ತದೆ, ಅದಕ್ಕೇ ನಮಗೆ ಸೊಗಡಿನ ಕಾಯಿ ಮಾರ್ಗಶಿರದಲ್ಲಿ. ಇಲ್ಲಿ ಬೇಸಿಗೆಯಿಡೀ ಬಳ್ಳಿ ಚಪ್ಪರ ತುಂಬಿ ಹಬ್ಬಿ, ಸೆಪ್ಟೆಂಬರ್‌ನಲ್ಲಿ ಹೂ ತೋರಿಸುವಷ್ಟರಲ್ಲಿ ಫ್ರಾಸ್ಟ್ ಬಂದು ಕೂರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಹಗಲಿನ ಉದ್ದಕ್ಕೆ ಕಟ್ಟುಬೀಳದ ತಳಿಗಳು. ಪ್ರಮಾಣಪತ್ರದ ಶ್ರಮ ತೆಗೆದುಕೊಳ್ಳುವುದಾದರೆ ಅದಕ್ಕೆ ತೆಗೆದುಕೊಳ್ಳಿ. ಪುಂಡಿಗೆ ಮಾತ್ರ ಈ ಉದ್ದ ಹಗಲು ವರ. ಹೂವಿಗೆ ಹೋಗದೆ ಎಲೆಯನ್ನೇ ಬಿಡುತ್ತಾ ಹೋಗುತ್ತದೆ. ಪಾಲಕ್, ಕೊತ್ತಂಬರಿಗೆ ಇದು ತಿರುಗುಮುರುಗು, ಜೂನ್‌ನಲ್ಲಿ ದಂಟು ಎದ್ದು ಹೂ ಬಿಟ್ಟುಬಿಡುತ್ತವೆ.

ಸೇವಂತಿಗೆಯೂ ಕಿರು ಹಗಲಿನ ಹೂವು. ಊರಿನ ತಳಿ ಇಲ್ಲಿ ಮೊಗ್ಗಿನಲ್ಲೇ ಮುರುಟುತ್ತದೆ. ಆದರೆ ಮಿನ್ನೆಸೋಟ ವಿಶ್ವವಿದ್ಯಾಲಯದವರೇ ಬೇಗ ಹೂ ಬಿಡುವ, ಚಳಿ ತಡೆಯುವ ಸೇವಂತಿಗೆಗಳನ್ನು ಬೆಳೆಸಿದ್ದಾರೆ. ನರ್ಸರಿಯಲ್ಲಿ ಹಾಗೆಂದೇ ಕೇಳಿ.

ಇನ್ನು ನೀವು ಹೊರಟ ಮೇಲಿನ ಕೆಲಸ. ಹಸ್ತಾ ಹುಟ್ಟಿತೆಂದರೆ, ಸೆಪ್ಟೆಂಬರ್ 27ರಿಂದ, ಮಗಳು ರಾತ್ರಿಯ ತಾಪಮಾನ ನೋಡುತ್ತಿರಲಿ. ಬಲಿತ ಹಸಿರು ಟೊಮೆಟೊಗಳನ್ನು ಫ್ರಾಸ್ಟ್‌ಗೆ ಮುಂಚೆ ಕಿತ್ತು ಕಾಗದದಲ್ಲಿ ಸುತ್ತಿಟ್ಟರೆ ಒಳಗೇ ಹಣ್ಣಾಗುತ್ತವೆ. ಎಳೆಯವನ್ನು ಶೇಂಗಾ ಹಾಕಿ ಚಟ್ನಿ ಮಾಡಲಿ. ಮಲ್ಲಿಗೆ, ಕರಿಬೇವಿನ ಕುಂಡಗಳಿದ್ದರೆ ರಾತ್ರಿ 10 ಡಿಗ್ರಿಗೆ ಇಳಿಯುವ ಮೊದಲೇ ಒಳಗೆ ಬರಲಿ, ನೀರು ಕಡಿಮೆ ಮಾಡಲಿ. ಡೇಲಿಯಾ ಇದ್ದರೆ ಎಲೆ ಫ್ರಾಸ್ಟ್‌ಗೆ ಕಪ್ಪಾದ ಮೇಲೆ ಗಡ್ಡೆ ಅಗೆದು, ಒಣ ಮರದ ಸಿಪ್ಪೆಯಲ್ಲಿ ಹುದುಗಿಸಿ, ಬೆಚ್ಚಗಿಲ್ಲದ ನೆಲಮಾಳಿಗೆಯಲ್ಲಿಡಬೇಕು. ಚಿತ್ತಾ ಮಳೆಯ ಹೊತ್ತಿಗೆ, ಅಕ್ಟೋಬರ್ ಮಧ್ಯದಲ್ಲಿ, ಬೆಳ್ಳುಳ್ಳಿ ಎಸಳು ಬಿಡಿಸಿ ಎರಡಿಂಚು ಆಳಕ್ಕೆ, ಆರಿಂಚು ಅಂತರಕ್ಕೆ ಊರಿ ಮೇಲೆ ಹುಲ್ಲು ಹಾಸಲಿ. ಹಿಮದಡಿ ಮಲಗಿದ್ದು ಮುಂದಿನ ಜುಲೈಗೆ ಬೆಳ್ಳುಳ್ಳಿ ಕೈಗೆ ಬರುತ್ತದೆ. ಟ್ಯೂಲಿಪ್, ಡ್ಯಾಫೊಡಿಲ್ ಗಡ್ಡೆಗಳನ್ನೂ ಅದೇ ವಾರ ಆರರಿಂದ ಎಂಟಿಂಚು ಆಳಕ್ಕೆ, ತುದಿ ಮೇಲಾಗಿ ಇಡಬೇಕು. ಮೊಲಕ್ಕೆ ಟ್ಯೂಲಿಪ್ ಇಷ್ಟ, ಡ್ಯಾಫೊಡಿಲ್ ಮುಟ್ಟುವುದಿಲ್ಲ.

ಗುಲಾಬಿಗೆ ಇಲ್ಲಿ ಒಂದು ಕ್ರಮವಿದೆ, ಅದಕ್ಕೆ ಮಿನ್ನೆಸೋಟ ಟಿಪ್ ಎಂದೇ ಹೆಸರು. ಅಕ್ಟೋಬರ್ ಮಧ್ಯದಲ್ಲಿ ಗಿಡವನ್ನು ಹಗ್ಗದಿಂದ ಸಡಿಲವಾಗಿ ಕಟ್ಟಿ, ಪಕ್ಕದಲ್ಲಿ ಗಿಡದ ಉದ್ದಕ್ಕೆ ಕಾಲುವೆ ತೋಡುತ್ತಾರೆ. ಬುಡದ ಒಂದು ಬದಿಯ ಮಣ್ಣನ್ನು ಸಡಿಲಿಸಿ, ಕೊಂಬೆಯನ್ನಲ್ಲ, ಬೇರಿನ ಬಳಿಯಿಂದ ಇಡೀ ಗಿಡವನ್ನು ಮೆಲ್ಲಗೆ ವಾಲಿಸಿ ಕಾಲುವೆಯಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಾರೆ. ಮೇಲೆ ಒಣ ಎಲೆಯ ದಪ್ಪ ಹಾಸು. ಏಪ್ರಿಲ್‌ನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುತ್ತಾರೆ. ಇದು ಕಸಿ ಕಟ್ಟಿದ ನಾಜೂಕಿನ ಜಾತಿಗಳಿಗೆ. ಪೊದೆ ಗುಲಾಬಿಯಾದರೆ ಬುಡಕ್ಕೆ ಒಂದಡಿ ಮಣ್ಣು ಏರಿಸಿದರೆ ಸಾಕು. ಯಾವ ಜಾತಿಯೆಂದು ಹೂವು ನೋಡಿ ಇಲ್ಲಿ ಫೋಟೊ ಹಾಕಿ, ಹೇಳುತ್ತೇನೆ.

ಉಳಿದ ಬಹುವಾರ್ಷಿಕ ಗಿಡಗಳಿಗೆ ಹುಲ್ಲಿನ ಹಾಸನ್ನು ನೆಲ ಹೆಪ್ಪುಗಟ್ಟಿದ ಮೇಲೆ, ನವೆಂಬರ್ ಕೊನೆಗೆ ಹಾಕಬೇಕು. ಬೆಚ್ಚಗಿಡುವುದು ಅದರ ಉದ್ದೇಶವಲ್ಲ. ನಡುವೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ನೆಲ ಉಬ್ಬಿ ಬೇರನ್ನು ಮೇಲಕ್ಕೆ ತಳ್ಳುತ್ತದೆ, ಅದನ್ನು ತಡೆಯುವುದು ಉದ್ದೇಶ. ಹಿಮ ಚೆನ್ನಾಗಿ ಬಿದ್ದರೆ ಗಿಡಕ್ಕೆ ಒಳ್ಳೆಯದೇ, ಹಿಮವಿಲ್ಲದ ಬರಿ ಚಳಿಯೇ ಬೇರನ್ನು ಕೊಲ್ಲುವುದು. ನಡೆದಾಡುವ ದಾರಿಯ ಹಿಮವನ್ನು ಅಳಿಯ ಹೂವಿನ ಮಡಿಯ ಮೇಲೆ ಎಸೆಯಲಿ, ಆದರೆ ಉಪ್ಪು ಬೆರೆತ ರಸ್ತೆಯ ಹಿಮ ಮಾತ್ರ ಅಲ್ಲಿ ಬೀಳಬಾರದು.

ಕೋಟೆ ಹಿತ್ತಲು, ಚಿತ್ರದುರ್ಗ

ಟ್ಯೂಲಿಪ್ ಹೆಸರು ಬಂದದ್ದಕ್ಕೆ ಒಂದು ಮಾತು. ನಮ್ಮ ದುರ್ಗದಲ್ಲಿ ಆ ಗಡ್ಡೆಗೆ ಬೇಕಾದ ಚಳಿ ಹೊರಗೆ ಸಿಗುವುದಿಲ್ಲ, ಫ್ರಿಜ್‌ನಲ್ಲಿ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಕಾಗದದ ಚೀಲದಲ್ಲಿ ಹಾಕಿ 12ರಿಂದ 14 ವಾರ ತರಕಾರಿಯ ಖಾನೆಯಲ್ಲಿಡುತ್ತೇನೆ. ಜೊತೆಗೆ ಸೇಬು, ಬಾಳೆಹಣ್ಣು ಇಡಬಾರದು. ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಒಳಗಿನ ಹೂಮೊಗ್ಗು ಸಾಯುತ್ತದೆ. ಡಿಸೆಂಬರ್ ಕೊನೆಗೆ ಕುಂಡಕ್ಕೆ ಹಾಕಿ ತಂಪಾದ ನೆರಳಿನಲ್ಲಿಟ್ಟರೆ ಗಿಡ್ಡ ಕಾಂಡದ ಮೇಲೆ ಹೂ ಬರುತ್ತದೆ. ಆ ಗಡ್ಡೆ ಮರುವರ್ಷಕ್ಕೆ ಇಲ್ಲಿ ಉಳಿಯುವುದಿಲ್ಲ. ಚೀಲದ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ, ಅದು ಈರುಳ್ಳಿಯಂತೆಯೇ ಕಾಣುತ್ತದೆ, ತಿಂದರೆ ವಿಷ.

ವಿದ್ಯಾನಗರ ತಾರಸಿ, ದಾವಣಗೆರೆ

ಎಲ್ಲರ ಉತ್ತರವನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಮಗಳಿಗೆ ದೀಪ, ಬಿಸಿ ಹಾಳೆ, ಬೀಜದ ಪಟ್ಟಿ ಕಳುಹಿಸಿದ್ದೇನೆ. ಬಟ್ಟಲು ಬದನೆ ಅಲ್ಲಿ ಸಿಗುವುದರಲ್ಲಿ ಎಣ್ಣೆಗಾಯಿಗೆ ಆಗುವಂಥದ್ದು ಯಾವುದು, ಚಳ್ಳಕೆರೆಯವರೇ? ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿ, ತೊಟ್ಟು ಹಸಿರಾಗಿ ಇರಬೇಕು.

ಚಳ್ಳಕೆರೆ ಹೊಲ

ದೊಡ್ಡ ಕಪ್ಪು ಜಾತಿಗಳನ್ನು ಬಿಡಿ, ಅವು ಸುಟ್ಟು ಗೊಜ್ಜು ಮಾಡಲು. ಭಾರತೀಯ ಸಣ್ಣ ಗುಂಡು ಬದನೆ ಎಂದು ವಿವರಣೆ ಇರುವುದನ್ನೇ ತರಿಸಿ, ಹಸಿರು ತೊಟ್ಟಿನ ಚಿತ್ರ ನೋಡಿಕೊಳ್ಳಿ. ಒಂದು ಗಿಡವನ್ನು ಕುಂಡದಲ್ಲೇ ಬೆಳೆಸಿ. ಕಪ್ಪು ಕುಂಡ ಬಿಸಿಲಿಗೆ ಬೇಗ ಬಿಸಿಯಾಗುವುದರಿಂದ ನೆಲದ ಗಿಡಕ್ಕಿಂತ ಮುಂಚೆ ಕಾಯಿ ಬಿಡುತ್ತದೆ, ಚಳಿ ಬಿದ್ದ ರಾತ್ರಿ ಒಳಗೆ ಎತ್ತಿಡಲೂ ಬರುತ್ತದೆ.